ಗೂಳಿದೊಡ್ಡಿಯ ನಲವತ್ತನೆಯ ಪ್ರಯಾಣಿಕ

ಗೂಳಿದೊಡ್ಡಿಯಲ್ಲಿ ಬೆಳಗಿನ ಪ್ಯಾಸೆಂಜರ್ ರೈಲು ಒಂದು ನಿಮಿಷ ನಿಲ್ಲುತ್ತದೆ. ಆ ಒಂದು ನಿಮಿಷ ಇನ್ನು ಮುಂದೆಯೂ ಇರಬೇಕೋ ಬೇಡವೋ ಎಂದು ಹೇಳುವ ಕೆಲಸ ನಂದಿತಾಳ ಕಂಪ್ಯೂಟರಿನ ಪಾಲಿಗೆ ಬಂದಿತ್ತು.

ಒಂದು ನಿಮಿಷದಲ್ಲಿ ಏನು ಮಹಾ ಎಂದು ಕೇಳುವವರು ಒಂಟಿ ಹಳಿಯ ಮೇಲೆ ರೈಲು ಓಡಿಸಿದವರಲ್ಲ. ರಾಯಕೋಟೆಯಿಂದ ಹೊಸೂರಿಗೆ ಬರುವ ರೈಲಿಗೂ ಎದುರಿನಿಂದ ಬರುವ ಎಕ್ಸ್‌ಪ್ರೆಸ್ಸಿಗೂ ಇರುವುದು ಅದೊಂದೇ ಹಳಿ. ಎರಡರಲ್ಲಿ ಒಂದು ಮೊದಲೇ ಯಾವುದಾದರೂ ಸ್ಟೇಷನ್ನಿನ ಪಕ್ಕದ ಹಳಿಗೆ ಸರಿದು, ಇನ್ನೊಂದು ಹೋಗುವ ತನಕ ಕಾಯಬೇಕು. ಕಾಯುವುದು ಯಾವಾಗಲೂ ಪ್ಯಾಸೆಂಜರ್. ಇಲ್ಲಿ ಒಂದು ನಿಮಿಷ ತಡವಾದರೆ ಅಲ್ಲಿ ಹತ್ತು ನಿಮಿಷ, ಅಲ್ಲಿ ಹತ್ತಾದರೆ ಅದರ ಹಿಂದಿನ ಗೂಡ್ಸಿಗೆ ಅರ್ಧ ದಿನ. ಈ ಕಾಯುವಿಕೆಗಳನ್ನೆಲ್ಲ ಕೂಡಿಸಿ, ಆ ಮೊತ್ತ ಅತಿ ಕಡಿಮೆಯಾಗುವಂಥ ವೇಳಾಪಟ್ಟಿಯನ್ನು ಹುಡುಕುವುದು ನಂದಿತಾ ಓದಿದ ವಿದ್ಯೆ. ಅವಳ ಅಪ್ಪ ಮದ್ದೂರಿನಿಂದ ಹೊಸೂರಿನ ಫ್ಯಾಕ್ಟರಿಗೆ ಬಂದು ನೆಲೆಸಿದವರು. ಅವಳು ಅಲ್ಲಿನ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ರೈಲ್ವೆಯ ಈ ಪ್ರಾಜೆಕ್ಟಿಗೆ ಸೇರಿಕೊಂಡಿದ್ದಳು. ಯಾರು ಕಾಯಬೇಕು ಎಂಬ ಪ್ರಶ್ನೆಗೆ ಭಾವನೆಗಳಿಲ್ಲದ ಉತ್ತರ ಸಾಧ್ಯ ಎಂದು ಅವಳು ನಂಬಿದ್ದಳು. ಅವಳಿಗೆ ಇಪ್ಪತ್ತೈದು ವರ್ಷ.

ಗೂಳಿದೊಡ್ಡಿ ಸ್ಟೇಷನ್ ಅಲ್ಲ, ಹಾಲ್ಟ್. ನೆಲಕ್ಕೆ ಸಮನಾದ ಪ್ಲಾಟ್‌ಫಾರಂ, ಒಂದು ಬೇವಿನಮರ, ಒಂದು ಕೋಣೆ, ಆ ಕೋಣೆಗೊಂದು ಕಿಟಕಿ. ಕಿಟಕಿಯ ಒಳಗೆ ರಾಮಕೃಷ್ಣಪ್ಪನವರು. ರೈಲ್ವೆಯ ಲೆಕ್ಕದಲ್ಲಿ ಅವರು ಕಮಿಷನ್ ಮೇಲೆ ಟಿಕೆಟ್ ಮಾರುವ ಏಜೆಂಟ್. ಊರಿನ ಲೆಕ್ಕದಲ್ಲಿ ಸ್ಟೇಷನ್ ಮಾಸ್ಟರ್. ಊರು ತಪ್ಪು ಹೇಳುತ್ತಿದೆ ಎಂದು ಅವರು ಯಾರನ್ನೂ ತಿದ್ದಲು ಹೋಗಿರಲಿಲ್ಲ. ಮದುವೆಯ ಕರೆಯೋಲೆಗಳಲ್ಲಿ ಅವರ ಹೆಸರಿನ ಮುಂದೆ ಅದೇ ಅಚ್ಚಾಗುತ್ತಿತ್ತು. ಊರಿನಲ್ಲಿ ಇನ್ನೂ ಇಬ್ಬರು ರಾಮಕೃಷ್ಣಪ್ಪರಿದ್ದರು. ಒಬ್ಬರು ಬೋರ್‌ವೆಲ್ ರಾಮಕೃಷ್ಣಪ್ಪ, ಇನ್ನೊಬ್ಬರು ಮೇಕೆ ರಾಮಕೃಷ್ಣಪ್ಪ. ರೈಲು ನಿಲ್ಲುವುದು ತಪ್ಪಿದರೆ ಕಿಟಕಿ ಮುಚ್ಚುತ್ತದೆ. ಕಿಟಕಿ ಮುಚ್ಚಿದರೆ ತಾನು ಯಾವ ರಾಮಕೃಷ್ಣಪ್ಪ ಆಗಬೇಕು? ಅವರಿಗೆ ಮೇಕೆಗಳೂ ಇರಲಿಲ್ಲ.

ನಂದಿತಾ ಮೊದಲ ಸಲ ಅಲ್ಲಿಗೆ ಬಂದದ್ದು ಒಂದು ಬುಧವಾರ ಮಧ್ಯಾಹ್ನ. ಹಾಲ್ಟಿನ ಪಕ್ಕದಲ್ಲೇ ರಾಮಕೃಷ್ಣಪ್ಪನವರ ಮನೆ, ಪೂರ್ವಕ್ಕೆ ಮುಖಮಾಡಿದ ಅಗಲವಾದ ಜಗಲಿ. ಜಗಲಿಯ ಮೇಲೆ ಅವರ ಹೆಂಡತಿ ನಾರಾಯಣಮ್ಮ ಅವರೆಕಾಯಿ ಸುಲಿಯುತ್ತಿದ್ದರು. ಕಂಪ್ಯೂಟರು ಹೇಗೆ ಟೈಮು ಇಡುತ್ತದೆ ಎಂದು ಅವರೇ ಕೇಳಿದರು. ನಂದಿತಾ ಸರಳವಾಗಿ ಹೇಳಲು ನೋಡಿದಳು. ಮೊದಲು ಕಣ್ಣುಮುಚ್ಚಿ ಸಾವಿರ ವೇಳಾಪಟ್ಟಿ ತಯಾರಿಸುವುದು. ಅದರಲ್ಲಿ ಚೆನ್ನಾಗಿರುವ ಎರಡೆರಡನ್ನು ಜೋಡಿ ಮಾಡುವುದು. ಅವುಗಳಿಗೆ ಮಕ್ಕಳಾಗುತ್ತವೆ, ಅಂದರೆ ಅಪ್ಪನಿಂದ ಅರ್ಧ ಅಮ್ಮನಿಂದ ಅರ್ಧ ಸಮಯ ತೆಗೆದುಕೊಂಡ ಹೊಸ ವೇಳಾಪಟ್ಟಿಗಳು. ಕೆಲಸಕ್ಕೆ ಬಾರದವು ಸಾಯುತ್ತವೆ. ಹೀಗೇ ಮುನ್ನೂರು ತಲೆಮಾರು ನಡೆದರೆ ಕೊನೆಗೆ ಒಳ್ಳೆಯದೊಂದು ಹುಟ್ಟುತ್ತದೆ.

ನಾರಾಯಣಮ್ಮ ಅವರೆಕಾಯಿ ಬಿಟ್ಟು ಕೇಳಿಸಿಕೊಂಡರು.

"ಜಾತಕ ನೋಡ್ತೀರೇನಮ್ಮ, ಜೋಡಿ ಮಾಡೋವಾಗ?"

"ಇಲ್ಲ ಅಮ್ಮ. ಯಾರು ಯಾರಿಗೆ ಅಂತ ಚೀಟಿ ಎತ್ತಿದ ಹಾಗೆ."

"ಅದ್ಕೇಯ ರೈಲು ಹಿಂಗೆ ಓಡಾಡ್ತಾ ಇರೋದು," ಎಂದು ನಾರಾಯಣಮ್ಮ ಮತ್ತೆ ಅವರೆಕಾಯಿಗೆ ಕೈ ಹಾಕಿದರು.

ತೊಂದರೆ ಏನೆಂದರೆ ಗೂಳಿದೊಡ್ಡಿಯಿಂದ ದಿನವೂ ಹೊಸೂರಿನ ಫ್ಯಾಕ್ಟರಿಗಳಿಗೆ ಹೋಗುವವರೆಲ್ಲ ಪಾಸು ಮಾಡಿಸುತ್ತಿದ್ದದ್ದು ಹೊಸೂರಿನಲ್ಲಿ. ಹಾಗಾಗಿ ರಾಮಕೃಷ್ಣಪ್ಪನವರ ಕಿಟಕಿಯ ಲೆಕ್ಕ ನೋಡಿದರೆ ಊರಿನಲ್ಲಿ ಜನರೇ ಇರಲಿಲ್ಲ. ನಲವತ್ತು ಪ್ರಯಾಣಿಕರಿದ್ದರೆ ಹಾಲ್ಟ್ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ ಎಂದು ಮೇಲಿನವರು ಹೇಳಿದ್ದರು. ನಿಜವಾಗಿ ಎಷ್ಟು ಜನ, ಎಷ್ಟು ಹೊತ್ತಿಗೆ ಬಂದು ರೈಲಿಗೆ ಕಾಯುತ್ತಾರೆ ಎಂದು ಎಣಿಸಬೇಕಿತ್ತು. ನಂದಿತಾ ರಾಮಕೃಷ್ಣಪ್ಪನವರ ಫೋನಿಗೆ ಒಂದು ಆಪ್ ಹಾಕಿಕೊಟ್ಟಳು. ಮುಂದಿನ ಸೋಮವಾರ ಬೆಳಿಗ್ಗೆ ಒಬ್ಬರು ಬಂದರೆ ಒಂದು ಸಲ ಒತ್ತಬೇಕು, ಸಮಯ ತಾನಾಗಿ ದಾಖಲಾಗುತ್ತದೆ. ರಾಮಕೃಷ್ಣಪ್ಪನವರು ಕನ್ನಡಕ ಹಾಕಿ, ತೆಗೆದು, ಕೊನೆಗೆ ಫೋನನ್ನು ಹೆಂಡತಿಯ ಕೈಗೆ ಕೊಟ್ಟರು. ಜಗಲಿಯ ಮೇಲೆ ಕೂತವರಿಗೆ ಹಾಲ್ಟೆಲ್ಲ ಕಾಣುತ್ತದೆ, ಅವಳೇ ಒತ್ತಲಿ ಎಂದರು.

ನಾರಾಯಣಮ್ಮ ಸುಳ್ಳು ಒತ್ತುವವರಲ್ಲ. ಒಂದು ಕಮ್ಮಿಯಿಲ್ಲ, ಒಂದು ಜಾಸ್ತಿಯಿಲ್ಲ, ಸರಿಯಾಗಿ ನಲವತ್ತು ಸಲ ಒತ್ತಿದರು.

ಅಂಕಿಗಳು ಕಾಲೇಜಿಗೆ ತಲುಪಿದಾಗ ನಂದಿತಾಳಿಗೆ ಆಶ್ಚರ್ಯವಾಯಿತು. ರೈಲು ಇರುವುದು ಎಂಟು ಇಪ್ಪತ್ತಕ್ಕೆ. ಆದರೆ ಗೂಳಿದೊಡ್ಡಿಯ ನಲವತ್ತು ಜನವೂ ಏಳೂ ಇಪ್ಪತ್ತೈದರ ಒಳಗೇ ಬಂದುಬಿಡುತ್ತಾರೆ. ಹೆಚ್ಚುಕಮ್ಮಿ ಒಂದು ಗಂಟೆ ಕಾಲ ಬೇವಿನಮರದ ಕೆಳಗೆ ನಿಂತು ಕಾಯುತ್ತಾರೆ. ಇಂಥ ಶಿಸ್ತಿನ ಜನರನ್ನು ಅವಳು ಯಾವ ಅಂಕಿಸಂಖ್ಯೆಯಲ್ಲೂ ನೋಡಿರಲಿಲ್ಲ. ಅವರ ಬಗ್ಗೆ ಅವಳಿಗೆ ಗೌರವವೂ ಸ್ವಲ್ಪ ಮರುಕವೂ ಹುಟ್ಟಿತು. ಆ ರಾತ್ರಿ ಸಾವಿರಾರು ವೇಳಾಪಟ್ಟಿಗಳು ಮದುವೆಯಾದವು, ಹೆತ್ತವು, ಸತ್ತವು. ಬೆಳಗಾಗುವಾಗ ಉಳಿದದ್ದು ಒಂದು. ಅದರ ಪ್ರಕಾರ ಪ್ಯಾಸೆಂಜರ್ ರೈಲು ಗೂಳಿದೊಡ್ಡಿಗೆ ಏಳೂ ಇಪ್ಪತ್ತೈದಕ್ಕೇ ಬರುತ್ತದೆ, ನಲವತ್ತು ಜನರನ್ನು ಹತ್ತಿಸಿಕೊಂಡು ಎಕ್ಸ್‌ಪ್ರೆಸ್ಸಿಗೆ ಎಲ್ಲೂ ಅಡ್ಡಸಿಗದೆ ಹೊಸೂರು ಸೇರುತ್ತದೆ. ಯಾರೂ ಯಾರಿಗೂ ಕಾಯಬೇಕಿಲ್ಲ. ಅವಳು ರಾಮಕೃಷ್ಣಪ್ಪನವರಿಗೆ ಫೋನ್ ಮಾಡಿ, ಹಾಲ್ಟ್ ಉಳಿಯುತ್ತದೆ, ಟೈಮು ಮಾತ್ರ ಚೂರು ಬದಲಾಗಬಹುದು, ಒಂದು ತಪಾಸಣೆ ಬಾಕಿ ಇದೆ ಎಂದಳು. ಅವರು ಉಳಿಯುತ್ತದೆ ಎಂಬಲ್ಲಿಗೇ ಕೇಳಿಸಿಕೊಳ್ಳುವುದನ್ನು ನಿಲ್ಲಿಸಿದ್ದರು.

ತಪಾಸಣೆಗೆ ಬರಬೇಕಾದವರು ಶಶಿಕುಮಾರ್, ರೈಲ್ವೆಯ ಅಧಿಕಾರಿ, ಬಂಗಾರಪೇಟೆ ಕಡೆಯವರು. ಮುಂಚೆ ತಿಳಿಸಿದರೆ ಊರಿನವರು ನೆಂಟರಿಷ್ಟರನ್ನೆಲ್ಲ ಕರೆತಂದು ನಿಲ್ಲಿಸುತ್ತಾರೆಂದು ಅವರು ಯಾರಿಗೂ ಹೇಳದೆ ಒಂದು ಸೋಮವಾರ ಬೆಳಿಗ್ಗೆ ನಂದಿತಾಳನ್ನು ಜೀಪಿಗೆ ಹತ್ತಿಸಿಕೊಂಡು ಹೊರಟರು. ದಾರಿಯುದ್ದಕ್ಕೂ ತಮ್ಮ ಸರ್ವಿಸಿನಲ್ಲಿ ಎಷ್ಟು ಹಾಲ್ಟುಗಳನ್ನು ಮುಚ್ಚಿಸಿದ್ದೇನೆಂದು ಹೇಳಿದರು. ಹೆಮ್ಮೆಯಿಂದಲ್ಲ, ಹಲ್ಲು ಕೀಳುವ ಡಾಕ್ಟರು ಹೇಳುವ ಹಾಗೆ.

ಅವರು ಬಂದಿಳಿದಾಗ ಏಳೂಕಾಲು. ಹಾಲ್ಟಿನ ಪಕ್ಕದ ಡೈರಿಯ ಮುಂದೆ ಹೆಂಗಸರು ಹಾಲು ಅಳೆಸುತ್ತಿದ್ದರು. ಪ್ಲಾಟ್‌ಫಾರಮಿನಲ್ಲಿ ಒಬ್ಬರೂ ಇರಲಿಲ್ಲ. ಏಳೂ ಇಪ್ಪತ್ತೈದಕ್ಕೂ ಇರಲಿಲ್ಲ. ನಾರಾಯಣಮ್ಮನವರ ಜಗಲಿಯ ಮೇಲೆ ಮಾತ್ರ ಚೀಲಗಳು ಸಾಲಾಗಿ ಕೂತಿದ್ದವು. ಫ್ಯಾಕ್ಟರಿಗಳು ಆಯುಧಪೂಜೆಗೆ ಕೊಟ್ಟ ಬ್ಯಾಗುಗಳು, ಟಿಫನ್ ಬುಟ್ಟಿಗಳು, ಜವಳಿ ಅಂಗಡಿಯ ಹಳದಿ ಚೀಲಗಳು. ಹಾಲು ಅಳೆಸಿದ ಹೆಂಗಸೊಬ್ಬಳು ಹಾಲಿನ ಕ್ಯಾನಿನ ಜೊತೆ ತಂದಿದ್ದ ಬ್ಯಾಗನ್ನು ಸಾಲಿನ ಕೊನೆಗೆ ಇಟ್ಟು, ಹಾಗೇ ತಿರುಗಿ ಮನೆಗೆ ಹೋದಳು. ನಾರಾಯಣಮ್ಮ ಆವತ್ತು ಫೋನು ಒತ್ತಿದ ಹಾಗೆಯೇ ತೊಡೆಯ ಮೇಲೆ ಹೆಬ್ಬೆರಳು ಒತ್ತಿದರು.

ನಂದಿತಾ ಚೀಲಗಳನ್ನು ಎಣಿಸತೊಡಗಿದಳು.

ಶಶಿಕುಮಾರ್ ಜಗಲಿಯ ಮುಂದೆ ನಿಂತು, ಜನ ಎಲ್ಲಿ ಎಂದು ಕೇಳಿದರು.

"ಎಲ್ಲಾ ಹೊರಟವ್ರೆ ಸಾಮಿ," ಎಂದರು ನಾರಾಯಣಮ್ಮ.

"ಹೊರಟು ಎಲ್ಲಿಗೆ ಹೋದ್ರು?"

"ಎಲ್ಲೂ ಹೋಗಿಲ್ಲ. ಮನೇಲವ್ರೆ. ಮುದ್ದೆ ಉಣ್ತಾ ಇರ್ತಾರೆ."

"ಮನೇಲಿದ್ರೆ ಹೊರಟಿಲ್ಲ ಅಂತ ತಾನೆ?"

"ಅದೆಂಗಾಯ್ತದೆ? ಗಂಟು ಬಂದೈತಲ್ಲ," ಎಂದು ನಾರಾಯಣಮ್ಮ ಸಾಲನ್ನು ತೋರಿಸಿದರು.

ಅಷ್ಟರಲ್ಲಿ ರಾಮಕೃಷ್ಣಪ್ಪನವರು ಶರಟಿನ ಗುಂಡಿ ಹಾಕಿಕೊಳ್ಳುತ್ತ ಓಡಿಬಂದು ವಿವರಿಸಿದರು. ಸೋಮವಾರ ಏಳೂವರೆಯಿಂದ ಒಂಬತ್ತರ ತನಕ ರಾಹುಕಾಲ. ರೈಲು ನಡುವೆ ಬರುತ್ತದೆ. ವಾರದ ಮೊದಲ ದಿನವೇ ರಾಹುಕಾಲದಲ್ಲಿ ಮನೆ ಬಿಟ್ಟರೆ ವಾರವೆಲ್ಲ ಮೆಷಿನ್ನು ಕೆಡುತ್ತದೆ, ಸೂಪರ್‌ವೈಸರ್ ಬೈಯುತ್ತಾನೆ. ಅದಕ್ಕೆ ಊರಿನವರು ಪರಸ್ಥಾನ ಇಡುತ್ತಾರೆ. ಅಂದರೆ ಒಳ್ಳೆಯ ಹೊತ್ತಿನಲ್ಲೇ ಗಂಟುಮೂಟೆಯನ್ನು ಬೇರೆಯವರ ಮನೆಗೆ ಕಳಿಸಿಬಿಡುವುದು. ಗಂಟು ಹೊರಟರೆ ಮನುಷ್ಯ ಹೊರಟ ಲೆಕ್ಕ, ಆಮೇಲೆ ಅವನು ಯಾವಾಗ ಬಂದರೂ ದೋಷವಿಲ್ಲ. ಡೈರಿಗೆ ಹಾಲು ಹೇಗೂ ಬರುತ್ತದೆ, ಹಾಲಿನ ಜೊತೆ ಚೀಲವೂ ಬರುತ್ತದೆ. ಜಗಲಿ ಪೂರ್ವಕ್ಕಿದೆ, ಅದೂ ಒಂದು ಅನುಕೂಲ.

ನಂದಿತಾ ಕೇಳಬೇಕಾದ್ದನ್ನು ಕೇಳಿದಳು. "ಅಮ್ಮಾ, ಆವತ್ತು ನೀವು ಒತ್ತಿದ್ದು ಜನಕ್ಕೋ, ಚೀಲಕ್ಕೋ?"

"ಎರಡೂ ಒಂದೇಯ ಕಣಮ್ಮ. ಇವತ್ತು ಯಾಕಿಂಗೆ ಕೇಳ್ತೀಯಾ?"

ಹಾಗೆ ನಂದಿತಾಳ ಮುನ್ನೂರು ತಲೆಮಾರುಗಳು ನಲವತ್ತು ಚೀಲಗಳ ಅನುಕೂಲಕ್ಕಾಗಿ ಹುಟ್ಟಿ ಸತ್ತಿದ್ದವು. ಅವಳು ಶಶಿಕುಮಾರ್ ಅವರಿಗೆ ಅದನ್ನು ಹಾಗೇ ಹೇಳಿದಳು. ಅಂಕಿಗಳು ತಪ್ಪು, ವೇಳಾಪಟ್ಟಿಯೂ ತಪ್ಪು, ಆದರೆ ಊರಿನಲ್ಲಿ ಜನ ಇದ್ದಾರೆ, ಎಂಟು ಇಪ್ಪತ್ತರ ತನಕ ನಿಂತು ನೋಡಬೇಕು ಎಂದಳು. ಶಶಿಕುಮಾರ್ ಒಪ್ಪಲಿಲ್ಲ. ತಪಾಸಣೆ ಏಳೂ ಇಪ್ಪತ್ತೈದಕ್ಕೆ, ಏಳೂ ಇಪ್ಪತ್ತೈದಕ್ಕೆ ಕಂಡದ್ದನ್ನು ಬರೆಯುತ್ತೇನೆ ಎಂದರು. ಫಾರಂ ತೆಗೆದು ಜೀಪಿನ ಬಾನೆಟ್ಟಿನ ಮೇಲೆ ಹರಡಿದರು. ರಾಮಕೃಷ್ಣಪ್ಪನವರು ಹೋಗಿ ಕಿಟಕಿಯೊಳಗೆ ಕೂತರು. ಮುಚ್ಚುವುದಾದರೆ ತಾವು ಒಳಗಿರುವಾಗಲೇ ಮುಚ್ಚಲಿ ಎಂಬಂತೆ.

ಶಶಿಕುಮಾರ್ ಪೆನ್ನಿನ ಮುಚ್ಚಳ ತೆಗೆದರು. ನಾರಾಯಣಮ್ಮ ಒಳಗಿನ ಗೋಡೆ ಗಡಿಯಾರವನ್ನು ಬಗ್ಗಿ ನೋಡಿ, ರಾಹುಕಾಲ ಬಂತು ಎಂದರು. ಯಾರಿಗೂ ಅಂತಲ್ಲ, ಬಿಸಿಲು ಬಂತು ಎನ್ನುವ ಹಾಗೆ.

ಪೆನ್ನು ನಿಂತಿತು.

ತಮಗೆ ಇಂಥದ್ದರಲ್ಲೆಲ್ಲ ನಂಬಿಕೆಯಿಲ್ಲ ಎಂದು ಶಶಿಕುಮಾರ್ ನಂದಿತಾಳಿಗೆ ಇಂಗ್ಲಿಷಿನಲ್ಲಿ ಹೇಳಿದರು. ಓಡಾಡಬಹುದು, ಊಟ ಮಾಡಬಹುದು, ರೈಲೂ ಹತ್ತಬಹುದು. ಆದರೆ ಸಹಿ ಬೇರೆ. ಹಿಂದೊಮ್ಮೆ ಇಂಥ ಹೊತ್ತಿನಲ್ಲಿ ಒಂದು ಸಹಿ ಹಾಕಿ, ತಿಂಗಳೊಳಗೆ ಯಾವ ಊರಿಗೆ ವರ್ಗವಾಯಿತೆಂದರೆ, ಆ ಊರಿನ ಹೆಸರನ್ನು ಅವರ ಹೆಂಡತಿ ಇವತ್ತಿಗೂ ಮನೆಯಲ್ಲಿ ಎತ್ತಲು ಬಿಡುವುದಿಲ್ಲವಂತೆ. ಅವರು ಪೆನ್ನಿಗೆ ಮುಚ್ಚಳ ಹಾಕಿದರು. ಒಂಬತ್ತಕ್ಕೆ ಬರೆದರಾಯಿತು, ಅವಸರವೇನು?

ನಾರಾಯಣಮ್ಮ ಚೀಲಗಳನ್ನು ಸ್ವಲ್ಪ ಒತ್ತರಿಸಿ ಅವರಿಗೆ ಜಾಗ ಮಾಡಿಕೊಟ್ಟರು. ಅಧಿಕಾರಿ ಎರಡು ಟಿಫನ್ ಬುಟ್ಟಿಗಳ ನಡುವೆ ಕೂತು ರಾಗಿರೊಟ್ಟಿ ತಿಂದರು, ಹುಚ್ಚೆಳ್ಳು ಚಟ್ನಿಯನ್ನು ಎರಡನೇ ಸಲ ಹಾಕಿಸಿಕೊಂಡರು.

ಎಂಟು ಗಂಟೆ ದಾಟಿದ ಮೇಲೆ ಜನ ಬರತೊಡಗಿದರು. ಒಬ್ಬೊಬ್ಬರಾಗಿ, ಕೈಬೀಸಿಕೊಂಡು, ಎಲ್ಲಿಗೂ ಹೋಗದವರ ಹಾಗೆ. ಜಗಲಿಯ ಹತ್ತಿರ ಬಂದು ತಮ್ಮ ಚೀಲ ಎತ್ತಿಕೊಂಡ ಮೇಲೆ ಮಾತ್ರ ಅವರ ನಡಿಗೆಗೆ ಪ್ರಯಾಣದ ಕಳೆ ಬರುತ್ತಿತ್ತು. ಅಧಿಕಾರಿ ಬಂದಿರುವ ಸುದ್ದಿ ಹಬ್ಬಿ, ಕೆಲವರು ನಂದಿತಾಳ ಮುಂದೆ ಬೇಕೆಂದೇ ಎರಡೆರಡು ಸಲ ಹಾದುಹೋದರು. ಅವಳು ಒಬ್ಬೊಬ್ಬರನ್ನೂ ಒಂದೇ ಸಲ ಎಣಿಸಿದಳು. ಶಶಿಕುಮಾರ್ ತಾವು ಎಣಿಸುತ್ತಿಲ್ಲ ಎಂಬಂತೆ ಆಕಾಶ ನೋಡುತ್ತ ಎಣಿಸಿದರು. ರಾಮಕೃಷ್ಣಪ್ಪನವರು ಕಿಟಕಿಯಿಂದ ಎಣಿಸಿದರು. ದೂರದಲ್ಲಿ ರೈಲು ಕೂಗಿದಾಗ ಮೂವರ ಲೆಕ್ಕವೂ ಮೂವತ್ತೊಂಬತ್ತು.

ಜಗಲಿಯ ಮೇಲೆ ಒಂದು ನೀಲಿ ಬ್ಯಾಗು ಉಳಿದಿತ್ತು.

ಅದು ಕುಮಾರೇಶನದು. ಹೊಸೂರಿನ ಒಂದು ಫ್ಯಾಕ್ಟರಿಯಲ್ಲಿ ಫಿಟ್ಟರ್, ಊರಾಚೆ ತೋಟದ ಮನೆಯಲ್ಲಿ ಇರುವವನು. ರಾಮಕೃಷ್ಣಪ್ಪನವರು ಫೋನ್ ಮಾಡಿ ಸ್ಪೀಕರಿಗೆ ಹಾಕಿದರು.

"ಎಲ್ಲಿದ್ದೀಯಲಾ?"

"ದಾರೀಲಿ ಆನೆ ನಿಂತೈತೆ ಮಾವ," ಎಂದ ಕುಮಾರೇಶ ಪಿಸುದನಿಯಲ್ಲಿ. "ನಮ್ಮ ರಾಗಿ ಹೊಲದ ತಾವ. ಒಂದೇ ಐತೆ. ಅದೂ ಎಲ್ಲೂ ಹೋಗೋ ಹಂಗೆ ಕಾಣಾಕಿಲ್ಲ."

"ಬಳಸ್ಕೊಂಡು ಬಾರಲಾ, ಇಲ್ಲಿ ಸ್ಟೇಷನ್ನೇ ಹೋಗ್ತಾ ಐತೆ."

"ಬತ್ತೀನಿ. ಅದು ಈ ಕಡೆ ನೋಡೋದು ಬಿಡ್ಲಿ."

ಸಾನಮಾವು ಕಾಡಿನಿಂದ ಬರುವ ಆನೆಗಳು ಯಾವ ವೇಳಾಪಟ್ಟಿಗೂ ಒಳಪಟ್ಟವಲ್ಲ. ರೈಲು ಬಂದು ನಿಂತಿತು. ಮೂವತ್ತೊಂಬತ್ತು ಜನ ಹತ್ತಿದರು. ಹತ್ತಿದವರು ಬಾಗಿಲಲ್ಲೇ ನಿಂತು ತಿರುಗಿ ನೋಡಿದರು. ಒಂದು ನಿಮಿಷವೆಂದರೆ ಎಷ್ಟು ಉದ್ದ ಎಂದು ಲೆಕ್ಕ ಹಾಕುತ್ತಲೇ ಎರಡು ವರ್ಷ ಕಳೆದಿದ್ದ ನಂದಿತಾಳಿಗೆ ಅದು ಎಷ್ಟು ಗಿಡ್ಡ ಎಂದು ಈಗ ಗೊತ್ತಾಯಿತು.

ಆಗ ನಾರಾಯಣಮ್ಮ ಸೀರೆ ಎತ್ತಿ ಸಿಕ್ಕಿಸಿ, ನೀಲಿ ಬ್ಯಾಗನ್ನು ಎತ್ತಿಕೊಂಡು ರೈಲಿನ ಕಡೆ ನಡೆದರು. ಪರಸ್ಥಾನಕ್ಕೆ ಇಟ್ಟ ಗಂಟು ಮನೆಗೆ ಹಿಂದಿರುಗಬಾರದು, ಹಿಂದಿರುಗಿದರೆ ಮನುಷ್ಯನಿಗೆ ಒಳ್ಳೆಯದಲ್ಲ, ಆದ್ದರಿಂದ ಅದು ಹೋಗಲೇಬೇಕು ಎಂಬುದಷ್ಟೇ ಅವರ ವಾದ. ನಲವತ್ತರ ಚಿಂತೆ ಅವರಿಗೆ ಇರಲಿಲ್ಲ. ಬಾಗಿಲಲ್ಲಿದ್ದವರು ಬ್ಯಾಗನ್ನು ಕೈಯಿಂದ ಕೈಗೆ ಒಳಗೆ ತೆಗೆದುಕೊಂಡು ಹೋಗುವುದರಲ್ಲಿದ್ದರು.

"ಒಂದ್ನಿಮಿಷ," ಎಂದು ನಂದಿತಾ ಓಡಿಹೋಗಿ ಬ್ಯಾಗಿನ ಜಿಪ್ಪು ಎಳೆದಳು. ಟಿಫನ್ ಡಬ್ಬಿ, ಒಂದು ಟವಲು, ಅದರ ಕೆಳಗೆ ಪ್ಲಾಸ್ಟಿಕ್ ಕವರಿನಲ್ಲಿ ತಿಂಗಳ ಪಾಸು ಮತ್ತು ಫ್ಯಾಕ್ಟರಿಯ ಗುರುತಿನ ಚೀಟಿ. ಚೀಟಿಯ ಫೋಟೋದಲ್ಲಿ ಕುಮಾರೇಶ ಈಗಷ್ಟೇ ಆನೆ ಕಂಡವನ ಹಾಗೆ ನೋಡುತ್ತಿದ್ದ. ಅವಳು ಪಾಸನ್ನು ಎತ್ತಿ ಶಶಿಕುಮಾರ್ ಅವರಿಗೆ ತೋರಿಸಿದಳು.

"ಸಾರ್, ಪ್ರಾಜೆಕ್ಟ್ ವರದಿಯ ಮೂರನೇ ಪುಟ. ಒಂದು ಪಾಸು ರೈಲು ಹತ್ತಿದರೆ ಒಬ್ಬ ಪ್ರಯಾಣಿಕ. ನೀವೇ ಒಪ್ಪಿದ್ದೀರಿ."

ಆ ವಾಕ್ಯವನ್ನು ಬರೆದವಳು ಅವಳೇ. ಬೀಳ್ಕೊಡಲು ಬರುವ ನೆಂಟರು ಎಣಿಕೆಯಲ್ಲಿ ಸೇರಬಾರದೆಂದು ಅವಸರದಲ್ಲಿ ಬರೆದದ್ದು. ಪಾಸಿನ ಜೊತೆ ಒಂದು ದೇಹವೂ ಇರತಕ್ಕದ್ದು ಎಂದು ಸೇರಿಸಲು ಯಾರಿಗೂ ಹೊಳೆದಿರಲಿಲ್ಲ.

"ಮನುಷ್ಯ ಇಲ್ಲವಲ್ಲಮ್ಮ," ಎಂದರು ಶಶಿಕುಮಾರ್.

"ಮನುಷ್ಯ ಬೇಕು ಅಂತ ಎಲ್ಲೂ ಬರೆದಿಲ್ಲ ಸಾರ್."

ಗಾರ್ಡ್ ಹಸಿರು ಬಾವುಟ ಹಿಡಿದು ಕಾದಿದ್ದ. ಶಶಿಕುಮಾರ್ ಪಾಸನ್ನು ನೋಡಿದರು, ತಿರುಗಿಸಿ ಈ ತಿಂಗಳದ್ದೇ ಎಂದು ಖಚಿತಪಡಿಸಿಕೊಂಡರು, ಫೋಟೋದ ಕುಮಾರೇಶನನ್ನು ನೋಡಿದರು. ಆಮೇಲೆ ಅವರ ಕಣ್ಣು ಕಿಟಕಿಯ ಕಡೆ ಹೋಯಿತು. ರಾಮಕೃಷ್ಣಪ್ಪನವರು ಅಲ್ಲಿ ಒಬ್ಬರೂ ಟಿಕೆಟ್ ಕೇಳದ ಹೊತ್ತಿನಲ್ಲಿ ತಾರೀಖಿನ ಮೊಹರನ್ನು ಒರೆಸುತ್ತಿದ್ದರು. ಪಾಸು ಬ್ಯಾಗಿಗೆ ಹಿಂದಿರುಗಿತು.

"ಕಿಟಕಿ ಪಕ್ಕ ಕೂರಿಸಿ," ಎಂದರು ಶಶಿಕುಮಾರ್.

ರೈಲು ಹೊರಟಿತು. ನೀಲಿ ಬ್ಯಾಗು ಕಿಟಕಿಯ ಪಕ್ಕ ಕೂತು ಹೊಸೂರಿನ ಕಡೆ ಹೋಯಿತು.

ಒಂಬತ್ತಾಗುವ ತನಕ ಅವರು ಜಗಲಿಯ ಮೇಲೆ ಕಾದರು. ನಂದಿತಾ ಲ್ಯಾಪ್‌ಟಾಪ್ ತೆರೆದು, ಸರಿಯಾದ ಸಮಯಗಳನ್ನು ತುಂಬಿ, ವೇಳಾಪಟ್ಟಿಗಳಿಗೆ ಇನ್ನೊಂದು ಸಲ ಮದುವೆ ಮಾಡಿಸಿದಳು. ಬಂದ ಉತ್ತರವನ್ನು ಅವಳು ಎರಡು ಸಲ ನೋಡಿದಳು. ರೈಲು ಎಂಟು ಇಪ್ಪತ್ತಕ್ಕೆ ಗೂಳಿದೊಡ್ಡಿಯಲ್ಲಿ ಒಂದು ನಿಮಿಷ ನಿಲ್ಲಬೇಕು, ಮುಂದೆ ಎಕ್ಸ್‌ಪ್ರೆಸ್ಸಿಗಾಗಿ ಕಾಯಬೇಕು. ಅಂದರೆ ಈಗ ಹೇಗಿದೆಯೋ ಹಾಗೆ. ಎರಡು ವರ್ಷದ ಗಣಿತ, ಯಾರೋ ಎಂದೋ ಕೈಯಲ್ಲಿ ಗೆರೆ ಎಳೆದು ಮಾಡಿದ ವೇಳಾಪಟ್ಟಿಯನ್ನೇ ಹೆತ್ತಿತ್ತು. ಅವಳು ಅಳುಕುತ್ತಲೇ ಅದನ್ನು ಹೇಳಿದಾಗ ಶಶಿಕುಮಾರ್ ಅವರ ಮುಖ ಮೊದಲ ಸಲ ಅರಳಿತು. ಬದಲಾವಣೆ ಇಲ್ಲವೆಂದರೆ ಮೇಲಿನ ಯಾರ ಅನುಮತಿಯೂ ಬೇಕಿಲ್ಲ, ಇದಕ್ಕಿಂತ ಒಳ್ಳೆಯ ವೇಳಾಪಟ್ಟಿ ಇರಲಾರದು ಎಂದರು. ಒಂಬತ್ತು ದಾಟಿ ಇನ್ನೂ ಸ್ವಲ್ಪ ಹೊತ್ತು ಬಿಟ್ಟು, ಗಡಿಯಾರವನ್ನು ನಾರಾಯಣಮ್ಮನವರಿಂದಲೇ ಖಚಿತಪಡಿಸಿಕೊಂಡು, ಬಾನೆಟ್ಟಿನ ಮೇಲೆ ಫಾರಂ ಹರಡಿದರು. ಹತ್ತಿದ ಪ್ರಯಾಣಿಕರು: ನಲವತ್ತು. ಅದರ ಕೆಳಗೆ ಸಹಿಗೆ ಪೆನ್ನು ಇಟ್ಟರು.

ಅಷ್ಟು ಹೊತ್ತಿಗೆ ಹಳಿಯ ಆಚೆಯಿಂದ, ಪ್ಯಾಂಟು ಮಂಡಿಯ ತನಕ ಕೆಸರಾದ ಒಬ್ಬ ಓಡುತ್ತ ಬಂದ.

ರಾಮಕೃಷ್ಣಪ್ಪನವರು ಕಿಟಕಿಯ ಹಿಂದಿನಿಂದ ಎದ್ದು ಬಂದ ವೇಗವನ್ನು ಆ ಹಾಲ್ಟ್ ಹಿಂದೆಂದೂ ಕಂಡಿರಲಿಲ್ಲ. ಕುಮಾರೇಶನ ರಟ್ಟೆ ಹಿಡಿದು ಬೇವಿನಮರದ ಹಿಂದಕ್ಕೆ ಎಳೆದರು.

"ಆನೆ ಹೋಯ್ತು ಮಾವ. ರೈಲು?"

"ಅದೂ ಹೋಯ್ತು. ನೀನೂ ಅದ್ರಾಗೆ ಹೋಗ್ಬುಟ್ಟೆ ಕಣ್ಲಾ."

"ನಾನೆಲ್ಲಿ ಹೋದೆ? ಇಲ್ಲೇ ಇವ್ನಲ್ಲ."

"ಇರಬ್ಯಾಡ. ಈಗ ಆ ಸಾಹೇಬ್ರು ಸಹಿ ಆಕ್ತಾವ್ರೆ, ಅದು ಮುಗಿಯೋಗಂಟ ನೀನು ಹೊಸೂರಲ್ಲಿದ್ದೀಯ."

ಕುಮಾರೇಶ ತನ್ನ ಬ್ಯಾಗೆಲ್ಲಿ ಎಂದು ಕೇಳಿದ. ಅದು ಕೆಲಸಕ್ಕೆ ಹೋಗಿದೆ ಎಂದು ರಾಮಕೃಷ್ಣಪ್ಪನವರು ಹೇಳಿದರು. ಪಾಸೂ ಅದರಲ್ಲೇ, ಊಟವೂ ಅದರಲ್ಲೇ, ತಾನು ಹೇಗೆ ಹೋಗಲಿ ಎಂದು ಅವನು ಮತ್ತೆ ಕೇಳಿದ. ಹೋಗಾಗಿದೆಯಲ್ಲ, ಇನ್ನು ಹೇಗೆ ಹೋದರೇನು, ಹೊಲದ ಮೇಲೆ ಬಸ್ ರೋಡಿಗೆ ನಡಿ, ತಲೆ ತಗ್ಗಿಸಿಕೊಂಡು ನಡಿ ಎಂದರು.

ಶಶಿಕುಮಾರ್ ತಲೆಯೆತ್ತಿದಾಗ, ಅವರು ಮುಕ್ಕಾಲು ಗಂಟೆಯ ಹಿಂದೆ ಫೋಟೋದಲ್ಲಿ ಕಂಡ ಮುಖವೇ ಹಳಿ ದಾಟುತ್ತಿತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಕುಮಾರೇಶ ಏನು ಮಾಡಬೇಕೋ ತಿಳಿಯದೆ ನಮಸ್ಕಾರ ಮಾಡಿದ.

ಶಶಿಕುಮಾರ್ ಕನ್ನಡಕ ತೆಗೆದು, ಕರವಸ್ತ್ರದಿಂದ ನಿಧಾನವಾಗಿ ಒರೆಸಿದರು. ಒಂದು ಗಾಜು, ಆಮೇಲೆ ಇನ್ನೊಂದು ಗಾಜು. ಅವನು ಹೊಲ ದಾಟಿ ಕಾಣದಾದ ಮೇಲೆ ಕನ್ನಡಕ ಹಾಕಿಕೊಂಡು, ಉಳಿದ ಅರ್ಧ ಸಹಿಯನ್ನು ಪೂರ್ತಿ ಮಾಡಿದರು.